ಬಿಸಿಲೇರಿದ ಮೇಲೆ ಸಂತೆಗೆ ಹೊಡೆದ ಕುರಿ

ಕಣ್ಣಿನ ಪೊರೆ ತೆಗೆಸಲು ಮಗಳು ನನ್ನನ್ನು ಕೊಳತ್ತೂರಿನಿಂದ ಸೇಲಂಗೆ ಕರೆದುಕೊಂಡು ಹೋಗಿದ್ದಳು. ಕಟ್ಟು ಬಿಚ್ಚಿದ ಮೇಲೆ ಒಂದು ತಿಂಗಳು ಅವಳ ಮನೆಯಲ್ಲೇ ಇರಬೇಕೆಂದು ಡಾಕ್ಟರು ಹೇಳಿದರು. ಹೊಸ ಕಣ್ಣು ಬಂದವಳಿಗೆ ನೋಡಲು ಏನಾದರೂ ಬೇಕಲ್ಲ. ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಅದರ ಮುಂದೆ ನಿಂತೆ. ಇಂಗ್ಲಿಷು ನನಗೆ ಬರುವುದಿಲ್ಲ, ತಮಿಳು ಕೂಡಿಸಿ ಕೂಡಿಸಿ ಓದುತ್ತೇನೆ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಒಂದರಿಂದ ಹದಿನಾಲ್ಕರವರೆಗೆ ದಿನ ಬರೆದಿತ್ತು, ಪಕ್ಕದಲ್ಲಿ ಗಂಟೆ ಬರೆದಿತ್ತು. ಒಂಬತ್ತನೆಯ ದಿನದ ಪಕ್ಕದಲ್ಲಿ ನಾಲ್ಕು ಗಂಟೆ ಎಂದಿತ್ತು. ಸಂಜೆಯ ನಾಲ್ಕು ಇರಬೇಕು ಅಂದುಕೊಂಡೆ. ಅಳಿಯನನ್ನು ಕೇಳಿದೆ. ಬೆಳಗಿನ ಜಾವದ ನಾಲ್ಕು, ಅತ್ತೆ, ಎಂದ. ಅವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಮಗಳಿಗೆ ಐವತ್ತು ವರ್ಷ. ಸೇಲಂನ ಕರೆಂಟ್ ಆಫೀಸಿನಲ್ಲಿ ಗುಮಾಸ್ತೆ. ಅವಳೂ ಅವಳ ಜೊತೆ ಕೆಲಸ ಮಾಡುವ ನಾಲ್ವರು ಹೆಂಗಸರೂ ಸೇರಿ ಹಿಮಾಲಯಕ್ಕೆ ಹೋಗುವುದೆಂದು ತೀರ್ಮಾನ ಮಾಡಿದ್ದರು. ಕಾಶಿ, ಬದರಿ ಅಲ್ಲ. ದೇವರು ದಿಂಡರು ಏನೂ ಇಲ್ಲದ ಜಾಗ. ಎವರೆಸ್ಟ್ ಬೆಟ್ಟದ ಬುಡಕ್ಕೆ ನಡೆದುಕೊಂಡು ಹೋಗಿ, ನೋಡಿ, ವಾಪಸು ನಡೆದುಕೊಂಡು ಬರುವುದು. ನೇಪಾಳದವರೆಗೆ ವಿಮಾನ, ಅಲ್ಲಿಂದ ಇನ್ನೊಂದು ಚಿಕ್ಕ ವಿಮಾನ, ಆಮೇಲೆ ಕಾಲು. ಚೆನ್ನೈನ ಒಂದು ಕಂಪನಿ ಇದನ್ನೆಲ್ಲ ಮಾಡಿಸುತ್ತದಂತೆ. ಗೈಡು, ಮೂಟೆ ಹೊರುವವರು, ಮಲಗಲು ಜಾಗ, ಊಟ ಎಲ್ಲಾ ಅವರದೇ. ಫ್ರಿಜ್ಜಿಗೆ ಅಂಟಿಸಿದ್ದು ಅವರೇ ಕೊಟ್ಟ ಕಾಗದ, ಯಾವ ದಿನ ಎಷ್ಟು ಗಂಟೆಗೆ ನಡೆಯಲು ಹೊರಡಬೇಕು ಎಂದು. ಹೊರಡುವುದು ಏಪ್ರಿಲಿನಲ್ಲಿ. ನಾನು ಹೋದದ್ದು ಕಾರ್ತಿಕ ಮಾಸದಲ್ಲಿ. ಆಗಲೇ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಅಳಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರಾದವನು. ಒಳ್ಳೆಯವನೇ, ಮೆತ್ತಗಿನ ಮನುಷ್ಯ. ಹೆಂಡತಿ ಬೆಟ್ಟಕ್ಕೆ ಹೋಗುತ್ತಾಳೆಂದು ಅವನಿಗೇ ಹೆಚ್ಚು ಸಂಭ್ರಮ. ಬೇಕಾದ ಸಾಮಾನಿನ ಪಟ್ಟಿಯನ್ನು ಊಟದ ಹೊತ್ತಿನಲ್ಲಿ ನನಗೆ ಓದಿ ಹೇಳುತ್ತಿದ್ದ. ಎರಡು ಜೊತೆ ಉಣ್ಣೆಯ ಕಾಲುಚೀಲ, ಹಕ್ಕಿಯ ಪುಕ್ಕ ತುಂಬಿದ ಕೋಟು, ತಲೆಗೆ ಕಟ್ಟುವ ದೀಪ, ಮೈಯೆಲ್ಲ ತೂರಿಸಿಕೊಂಡು ಮಲಗುವ ಚೀಲ. ನಮ್ಮ ಮೇಚೇರಿ ಕಡೆಯ ಕುರಿಗೆ ಉಣ್ಣೆಯೇ ಇಲ್ಲ, ಬರೀ ಕೆಂಪು ಕೂದಲು. ಜನ್ಮವೆಲ್ಲ ಕುರಿ ಕಾದರೂ ಉಣ್ಣೆಯ ವಿಷಯ ನನಗೆ ಗೊತ್ತಿಲ್ಲ. ಆದರೆ ಚಳಿಯ ವಿಷಯ ಗೊತ್ತು. ಬೆಳಗಿನ ಜಾವ ಏನೆಂದು ಗೊತ್ತು. ಆ ಹೊತ್ತಿನಲ್ಲಿ ನನ್ನ ಮಗಳ ಎದೆ ಹೇಗೆ ಸಿಳ್ಳೆ ಹಾಕುತ್ತದೆ ಎಂಬುದೂ ಗೊತ್ತು. ಆ ಮನೆಯಲ್ಲಿ ಅದು ಗೊತ್ತಿದ್ದದ್ದು ಅವಳಿಗೂ ನನಗೂ ಮಾತ್ರ.

ಅವಳಿಗೆ ಉಬ್ಬಸ. ಹುಟ್ಟಿದ ಎರಡನೆಯ ವರ್ಷದಿಂದಲೇ ಇದೆ. ಮಂಜು ಬಿದ್ದರೆ ಬರುತ್ತದೆ, ಜಾವದಲ್ಲಿ ಬರುತ್ತದೆ, ಬಿಸಿಲೇರಿದರೆ ಹೋಗುತ್ತದೆ. ಮಧ್ಯಾಹ್ನ ನೋಡಿದವರು ಈ ಹುಡುಗಿಗೆ ಏನು ರೋಗ ಎಂದು ಕೇಳಬೇಕು, ಅಷ್ಟು ಗಟ್ಟಿಯಾಗಿರುತ್ತಿದ್ದಳು. ಶಾಲೆಯಲ್ಲಿ ಅವಳನ್ನು ಓಡಲು ಬಿಡಲಿಲ್ಲ. ಜೊತೆಯ ಹುಡುಗಿಯರು ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋದಾಗ ಇವಳನ್ನು ಬಸ್ಸಿನಲ್ಲಿ ಕಳಿಸಿದೆ. ಯಾಕೆಂದು ಕೇಳಿದವರಿಗೆ ಒಬ್ಬಳೇ ಮಗಳು, ಮುದ್ದು ಜಾಸ್ತಿ ಎಂದೆ.

ಮದುವೆಯ ಕಾಲ ಬಂತು. ಇಲ್ಲಿ ಒಂದು ವಿಷಯ ಹೇಳಬೇಕು. ಕುರಿ ಮಾರುವವರಿಗೆಲ್ಲ ಇದು ಗೊತ್ತು, ಹೇಳುವವರು ಇಲ್ಲ. ಕೆಮ್ಮುವ ಕುರಿಯನ್ನು ಬೆಳಿಗ್ಗೆ ಸಂತೆಗೆ ಹೊಡೆಯುವುದಿಲ್ಲ. ಮಂಜಿನಲ್ಲಿ ಅದು ಕೆಮ್ಮುತ್ತದೆ, ಮೂಗು ಸುರಿಸುತ್ತದೆ, ಕೊಳ್ಳುವವನು ಬಾಯಿ ಬಿಡಿಸಿ ನೋಡುವ ಮೊದಲೇ ತಿರುಗಿ ಹೋಗುತ್ತಾನೆ. ಬಿಸಿಲೇರುವವರೆಗೆ ಮರದಡಿ ಕಟ್ಟಿ, ಒಂದು ತುಂಡು ಬೆಲ್ಲ ತಿನ್ನಿಸಿ, ಹನ್ನೊಂದರ ಮೇಲೆ ಹೊಡೆದುಕೊಂಡು ಹೋಗಬೇಕು. ಆಗ ಅದು ಎಲ್ಲ ಕುರಿಯ ಹಾಗೇ ನಿಲ್ಲುತ್ತದೆ. ಪೆನ್ನಾಗರದ ಸಂತೆಯಲ್ಲಿ ನಮ್ಮಪ್ಪ ಹಾಗೆ ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಗಂಡನೂ ಮಾರಿದ್ದಾನೆ.

ಸೇಲಂನಿಂದ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಬೆಳಿಗ್ಗೆ ಒಳ್ಳೆಯ ಹೊತ್ತಿದೆ, ಏಳು ಗಂಟೆಗೆ ಬರುತ್ತೇವೆ ಎಂದರು. ಏಳೂವರೆಗೆ ರಾಹುಕಾಲ ಹತ್ತುತ್ತದೆ, ಮಧ್ಯಾಹ್ನ ಬನ್ನಿ, ಊಟಕ್ಕೇ ಬನ್ನಿ ಎಂದು ನಾನು ಹೇಳಿ ಕಳಿಸಿದೆ. ಸುಡುವ ಬಿಸಿಲಿನಲ್ಲಿ ಬಸ್ಸಿಳಿದು ಬಂದರು. ಮಗಳು ಹಸಿರು ಸೀರೆ ಉಟ್ಟು, ನೀರು ತಂದು ಕೊಟ್ಟು, ನೆಟ್ಟಗೆ ನಿಂತಳು. ಒಪ್ಪಿದರು. ಕುರಿಗೆ ಮಾಡಿದ್ದನ್ನೇ ಮಗಳಿಗೂ ಮಾಡಿದೆ. ಅಂದು ನನಗೆ ಅದು ತಪ್ಪು ಅನ್ನಿಸಲಿಲ್ಲ. ಬುದ್ಧಿವಂತಿಕೆ ಅನ್ನಿಸಿತು.

ಗಂಡನ ಮನೆಗೆ ಕಳಿಸುವ ಹಿಂದಿನ ದಿನ ಅವಳನ್ನು ಹಿತ್ತಲಿಗೆ ಕರೆದು ಪಾಠ ಹೇಳಿದೆ. ಎಲ್ಲರಿಗಿಂತ ಮೊದಲು ಏಳು. ಎದ್ದು ಬಚ್ಚಲಿಗೆ ಹೋಗಿ ಹಂಡೆಯ ಒಲೆ ಹಚ್ಚು. ಬಾಗಿಲು ಹಾಕಿಕೊ. ಕೆಮ್ಮು ಬಂದರೆ ಹೊಗೆ ಅನ್ನು, ಕಣ್ಣಲ್ಲಿ ನೀರು ಬಂದರೂ ಹೊಗೆ ಅನ್ನು. ಬಿಸಿಲು ಬೀಳುವವರೆಗೆ ಅಲ್ಲೇ ಇರು. ಸತ್ತರೂ ಬಾಯಿ ಬಿಡಬೇಡ. ಹೀಗೇ ಹೇಳಿದೆ, ಒಂದು ಮಾತು ಹೆಚ್ಚಿಲ್ಲ, ಕಮ್ಮಿಯಿಲ್ಲ. ಉಬ್ಬಸಕ್ಕೆ ಹೊಗೆಗಿಂತ ದೊಡ್ಡ ಶತ್ರು ಇಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ರೋಗವನ್ನು ಮುಚ್ಚಲು ನಾನು ಕೊಟ್ಟದ್ದು ರೋಗ ಹೆಚ್ಚಿಸುವ ವಸ್ತು. ಅವಳು ಹದಿನೇಳು ವರ್ಷ ಆ ಹೊಗೆ ಕುಡಿದಳು. ಸೊಸೆ ಬಂದು ಒಂದು ವಾರಕ್ಕೆ, ಎಂಥಾ ಚುರುಕು ಹುಡುಗಿ, ಜಾವಕ್ಕೇ ಎದ್ದು ನೀರು ಕಾಯಿಸುತ್ತಾಳೆ ಎಂದು ಬೀಗಿತ್ತಿ ನನಗೆ ಹೇಳಿ ಕಳಿಸಿದಳು. ನಾನು ಹೆಮ್ಮೆಪಟ್ಟೆ.

ಆಮೇಲೆ ಗ್ಯಾಸಿನ ಗೀಸರು ಬಂತು, ಅವಳಿಗೆ ಬಾಯಿಗೆ ಒತ್ತಿಕೊಳ್ಳುವ ಪಂಪು ಬಂತು. ಪಂಪನ್ನು ಬಚ್ಚಲಿನ ಸೀಗೆಪುಡಿ ಡಬ್ಬದ ಹಿಂದೆ ಇಟ್ಟುಕೊಂಡಳು. ಔಷಧಿಯನ್ನು ಆಫೀಸಿನ ಹತ್ತಿರದ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು, ಮನೆಯ ಹತ್ತಿರ ಅಲ್ಲ. ಮದುವೆಯಾದಾಗಿನಿಂದ ಒಟ್ಟು ಇಪ್ಪತ್ತೆಂಟು ವರ್ಷ ಹೀಗೆ ನಡೆಯಿತು.

ಈಗ ಫ್ರಿಜ್ಜಿನ ಮೇಲಿನ ಕಾಗದಕ್ಕೆ ಬರುತ್ತೇನೆ.

ಕಂಪನಿಯ ಗೈಡು ಒಂದು ಸಂಜೆ ಎಲ್ಲರ ಜೊತೆ ಫೋನಿನಲ್ಲಿ ಮುಖ ತೋರಿಸಿ ಮಾತಾಡಿದ. ಅಳಿಯ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದ. ನಾನು ಗೋಡೆಯ ಪಕ್ಕ ಕೂತಿದ್ದೆ. ಗೈಡು ನಲವತ್ತರ ಮನುಷ್ಯ, ಮುಖದ ಚರ್ಮ ಸುಟ್ಟ ಹಾಗಿತ್ತು. ಹೇಗೆ ನಡೆಯಬೇಕು, ದಿನಕ್ಕೆ ಎಷ್ಟು ನೀರು ಕುಡಿಯಬೇಕು, ಮೂರನೆಯ ದಿನ ಯಾಕೆ ನಡೆಯದೆ ಒಂದೇ ಕಡೆ ನಿಲ್ಲಬೇಕು ಎಲ್ಲ ಹೇಳಿದ. ಮೇಲೆ ಹೋದ ಹಾಗೆ ಗಾಳಿ ತೆಳ್ಳಗಾಗುತ್ತದೆ, ಮೈ ಅದಕ್ಕೆ ಒಗ್ಗಲು ದಿನ ಬೇಕು ಎಂದ. ಕಂಪನಿಯವರು ಬಾಯಿಗೆ ಬಂದದ್ದು ಹೇಳಿ ಕಾಸು ಕೀಳುತ್ತಾರೆ ಅಂದುಕೊಂಡಿದ್ದ ನನಗೆ, ಇವನು ಕುರಿ ಕಾಯುವವನ ಹಾಗೆ ಮಾತಾಡುತ್ತಾನಲ್ಲ ಅನ್ನಿಸಿತು. ಮಂದೆಯನ್ನು ಹೊಸ ಹುಲ್ಲಿಗೆ ಬಿಡುವಾಗ ನಾವೂ ಒಂದೇ ದಿನ ಬಿಡುವುದಿಲ್ಲ.

ಕೊನೆಯಲ್ಲಿ ಅವನು ಕೇಳಿದ. ಬಿಪಿ, ಸಕ್ಕರೆ, ಉಬ್ಬಸ, ಎದೆಯ ತೊಂದರೆ ಯಾರಿಗಾದರೂ ಇದ್ದರೆ ಫಾರಮ್ಮಿನಲ್ಲಿ ಬರೆಯಿರಿ. ಬರೆದವರನ್ನು ನಾವು ಹೊರಗೆ ಹಾಕುವುದಿಲ್ಲ, ಡಾಕ್ಟರ ಕಾಗದ ಕೇಳುತ್ತೇವೆ, ಬೇಕಾದ ಔಷಧಿ ಹೊತ್ತುಕೊಳ್ಳುತ್ತೇವೆ, ನಿಧಾನಕ್ಕೆ ಕರೆದುಕೊಂಡು ಹೋಗುತ್ತೇವೆ. ಬರೆಯದೆ ಬಂದವರಿಗೆ ಮೇಲೆ ಏನಾದರೂ ಆದರೆ, ಮೋಡ ಕವಿದಿದ್ದರೆ ಹೆಲಿಕಾಪ್ಟರು ಬರುವುದಿಲ್ಲ. ಇಷ್ಟು ಹೇಳಿ, "ಎದುವುಮ್ ಮರೈಕ್ಕಾದೀಂಗ" ಎಂದ. ಏನನ್ನೂ ಮುಚ್ಚಿಡಬೇಡಿ ಎಂದ. ಮಗಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಒಬ್ಬಳು ಸಕ್ಕರೆ ಎಂದಳು, ಇನ್ನೊಬ್ಬಳು ಮೊಣಕಾಲು ಎಂದಳು. ನನ್ನ ಮಗಳು ಒಂದೂ ಇಲ್ಲ ಎಂದಳು.

ತಯಾರಿಗೆ ಭಾನುವಾರ ಭಾನುವಾರ ಏರ್ಕಾಡು ಬೆಟ್ಟದ ಹಳೆಯ ಕಾಲುದಾರಿ ಹತ್ತಬೇಕು ಎಂದಾಗಿತ್ತು. ಉಳಿದವರು ಬೆಳಗಿನ ಐದೂವರೆಗೆ ಹೊರಡುತ್ತಿದ್ದರು. ಇವಳು ಹನ್ನೊಂದಕ್ಕೆ. ಮನೆಯಲ್ಲಿ ಪೂಜೆ ಇದೆ, ಅವ್ವನ ಕಣ್ಣಿಗೆ ಔಷಧಿ ಬಿಡಬೇಕು ಎಂದು ನೆಪ. ನನ್ನ ಕಣ್ಣನ್ನೂ ಎಳೆದುಕೊಂಡಳು. ಮಧ್ಯಾಹ್ನದ ಬಿಸಿಲಿನಲ್ಲಿ ಬೆಟ್ಟ ಹತ್ತುವ ಹುಚ್ಚಿ ಎಂದು ಗೆಳತಿಯರು ನಕ್ಕರಂತೆ. ನಗಲಿ. ಅವಳು ಮೂರು ಭಾನುವಾರ ಒಬ್ಬಳೇ ಹತ್ತಿ ಇಳಿದಳು, ಅವರಿಗಿಂತ ಬೇಗ ಹತ್ತಿದಳು. ಕಾಲು ಅವಳದು ನನ್ನ ಕಾಲೇ. ಮನೆಗೆ ಬಂದು ಕಾಲು ಚಾಚಿ ಕೂತಾಗ ಅವಳ ಮುಖ ನೋಡಬೇಕಿತ್ತು. ಅಂಥ ಮುಖ ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. ಮೂವತ್ತು ವರ್ಷ ಮೊದಲೇ ಔಷಧಿ ಕೊಡಿಸಿದ್ದರೆ ಇವಳು ಎಷ್ಟು ಬೆಟ್ಟ ಹತ್ತುತ್ತಿದ್ದಳೋ.

ನಾಲ್ಕನೆಯ ಭಾನುವಾರ ಗೈಡೇ ಸೇಲಂಗೆ ಬಂದ. ಎಲ್ಲರೂ ಮೂಟೆ ಹೊತ್ತು ಒಟ್ಟಿಗೆ ಹತ್ತಬೇಕು, ನಾನು ನೋಡಬೇಕು, ಐದು ಗಂಟೆಗೆ ಬೆಟ್ಟದ ಕೆಳಗೆ ಇರಿ ಎಂದ. ಮಾರ್ಗಳಿ ತಿಂಗಳು, ಧನುರ್ಮಾಸದ ಚಳಿ. ಮಂಜು ಹೇಗಿತ್ತೆಂದರೆ ಕಾರಿನ ಗಾಜು ಒರೆಸಿದಷ್ಟೂ ಬೆಳ್ಳಗಾಗುತ್ತಿತ್ತು. ನಾನೂ ಬರುತ್ತೇನೆ ಎಂದು ಹಟ ಹಿಡಿದು ಅಳಿಯನ ಕಾರಿನಲ್ಲಿ ಕೂತೆ. ಕೆಳಗೆ ಟೀ ಅಂಗಡಿಯಲ್ಲಿ ನಾವಿಬ್ಬರೂ ಕಾದೆವು. ಒಂದು ಗಂಟೆ ಆಗಿರಲಿಲ್ಲ, ಮಗಳು ಒಬ್ಬಳೇ ಇಳಿದು ಬಂದಳು. ಹೊಟ್ಟೆ ಕೆಟ್ಟಿದೆ ಎಂದು ಗಂಡನಿಗೆ ಹೇಳಿ ನೇರ ಅಂಗಡಿಯ ಹಿಂದಿನ ಕಕ್ಕಸಿಗೆ ಹೋದಳು. ನಾನು ಹಿಂದೆ ಹೋದೆ. ತಗಡಿನ ಬಾಗಿಲ ಆಚೆ ಪಂಪು ಎರಡು ಸಲ ಒತ್ತಿದ ಶಬ್ದ ಕೇಳಿತು, ಆಮೇಲೆ ಇನ್ನೆರಡು ಸಲ. ಹೊರಗೆ ಬಂದಾಗ ಉಗುರು ನೇರಳೆ ಹಣ್ಣು ತಿಂದ ನಾಲಿಗೆಯ ಹಾಗಿತ್ತು. ಅಳಿಯ ಸೋಡಾ ತಂದುಕೊಟ್ಟ. ಹೊಟ್ಟೆಗೆ ಒಳ್ಳೆಯದು ಎಂದ. ಅವಳು ಕುಡಿದಳು.

ಮನೆಗೆ ಬಂದ ಮೇಲೆ ಅವನು ಇಡ್ಲಿ ತರಲು ಹೋದ. ನಾನು ಬಾಗಿಲು ಹಾಕಿದೆ.

"ಜಾವ್ದಾಗೆ ನಾಲ್ಕ್ ಗಂಟೆಗ್ ಅತ್ತೋ ಬೆಟ್ಟ ಅದು. ಅಲ್ಲಿ ನಿಂಗೆ ಯಾವ ಮಧ್ಯಾನ್ನ ಐತೆ?" ಎಂದೆ.

"ಮಾತ್ರೆ ತಕ್ಕೊಂಡ್ ಓಗ್ತೀನಿ. ಎರಡು ಪಂಪು ಇಟ್ಕೋತೀನಿ. ನೀ ಸುಮ್ನಿರವ್ವ."

"ಆ ಗೈಡಪ್ಪ ಯೋಳಿದ್ದು ಕಿವಿಗ್ ಬಿತ್ತಾ ಇಲ್ವಾ ನಿಂಗೆ?"

"ಬಿತ್ತು. ಮಗೀಗೆ ಸಂಬಂಧ ಕೂಡಿ ಬರೋ ಒತ್ತು ಇದು. ತಾಯಿಗೆ ಉಬ್ಸ ಅಂದ್ರೆ ಮಗಳಿಗೂ ಐತೆ ಅಂತಾರೆ. ಒಂದು ಫಾರಮ್ನಾಗೆ ಬರುದ್ರೆ ನಾಲ್ಕು ಜನಕ್ಕೆ ಗೊತ್ತಾಯ್ತದೆ." ಸ್ವಲ್ಪ ಉಸಿರು ಎಳೆದುಕೊಂಡು ಹೇಳಿದಳು: "ಸತ್ರೂ ಬಾಯ್ ಬಿಡಬ್ಯಾಡ ಅಂದಿದ್ದು ಯಾರವ್ವ? ನಾನಾ?"

ಮೊಮ್ಮಗಳಿಗೆ ಇಪ್ಪತ್ತೈದು. ಈರೋಡಿನಲ್ಲಿ ಕೆಲಸದಲ್ಲಿದ್ದಾಳೆ, ಎದೆ ಚೆನ್ನಾಗಿದೆ. ಧರ್ಮಪುರಿ ಕಡೆಯ ಒಂದು ಮನೆಯವರು ಬಂದು ನೋಡಿ ಹೋಗಿದ್ದರು, ಮಾತು ನಡೆಯುತ್ತಿತ್ತು. ಹಾಗಾದರೆ ಹೋಗಬೇಡ, ಮನೆಯಲ್ಲಿರು ಎಂದೆ. ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಹಾಗೆ ನನ್ನನ್ನು ಯಾರೂ ನೋಡಿಲ್ಲ. ಶಾಲೆಯಲ್ಲಿ ಕೂರಿಸಿದೆ, ಬಸ್ಸಿನಲ್ಲಿ ಕಳಿಸಿದೆ, ಬಚ್ಚಲಲ್ಲಿ ಕೂರಿಸಿದೆ, ಇನ್ನು ಎಲ್ಲಿ ಕೂರಿಸುತ್ತೀಯಾ ಎಂದು ಕೇಳಿದಳು. ನಾನು ಎದ್ದು ಒಳಗೆ ಹೋದೆ. ಜಗಳದಲ್ಲಿ ನಾನು ಒಳಗೆ ಎದ್ದು ಹೋಗುವವಳಲ್ಲ. ಅವತ್ತು ಹೋದೆ.

ಅವಳು ಎಲ್ಲ ಯೋಚನೆ ಮಾಡಿ ಇಟ್ಟುಕೊಂಡಿದ್ದಳು. ಫಾರಮ್ಮಿನ ಎಲ್ಲ ಪ್ರಶ್ನೆಗೂ ಇಲ್ಲ ಎಂದು ಗೀಟು ಹಾಕಿದ್ದಳು. ಬೀದಿ ಕೊನೆಯಲ್ಲಿ ಒಬ್ಬ ಡಾಕ್ಟರಿದ್ದಾನೆ, ಅವನು ಎದೆಗೆ ಕೊಳವೆ ಕೂಡ ಇಡದೆ ಗಟ್ಟಿಮುಟ್ಟಾಗಿದ್ದಾಳೆ ಎಂದು ಬರೆದು ಸೀಲು ಒತ್ತಿದ್ದ. ಮಧ್ಯಾಹ್ನವೇ ಹೋಗಿದ್ದಳು ಅಂತ ಬೇರೆ ಹೇಳಬೇಕಾಗಿಲ್ಲ. ಅವನ ಮೇಲೂ ನನಗೆ ಸಿಟ್ಟಿದೆ. ಕುರಿ ಕೊಳ್ಳುವವನಾದರೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಇನ್ನು ಉಳಿದಿದ್ದದ್ದು ಗಂಡನ ಸೈನು ಒಂದೇ. ಏನಾದರೂ ಆದರೆ ಮನೆಯವರ ಒಪ್ಪಿಗೆ ಇದೆ ಎಂದು ಅವನು ಬರೆದುಕೊಡಬೇಕಿತ್ತು.

ಎರಡು ದಿನ ಅವಳಾಗಿ ಹೇಳಲಿ ಎಂದು ಕಾದೆ. ಮೂರನೆಯ ದಿನ ಬೆಳಿಗ್ಗೆ ಕಾಫಿ ಕುಡಿದು ಅಳಿಯ ಕನ್ನಡಕ ಹಾಕಿಕೊಂಡು ಫಾರಮ್ಮು ಎದುರಿಗಿಟ್ಟುಕೊಂಡ. ಪೆನ್ನಿನ ಮುಚ್ಚಳ ತೆಗೆದ. ಅಷ್ಟು ಹೊತ್ತಿಗೆ ಅವನ ಅಕ್ಕ ನುಗ್ಗೆಸೊಪ್ಪು ಹಿಡಿದುಕೊಂಡು ಮೇಲಿನ ಮನೆಯಿಂದ ಇಳಿದು ಬಂದಳು. ಅವಳು ಗಂಡ ಸತ್ತವಳು, ನಾಲಿಗೆ ಉದ್ದ. ಈ ಹಿಮಾಲಯದ ವಿಷಯ ಶುರುವಾದಾಗಿನಿಂದ, ಸ್ವರ್ಗಕ್ಕೆ ನಡೆದುಕೊಂಡು ಹೋಗೋ ವಯಸ್ಸು ನಿನಗಲ್ಲ, ನನಗೆ ಎಂದು ಚುಚ್ಚುತ್ತಿದ್ದಳು. ಅವಳೆದುರಿಗೆ ಹೇಳುವುದು ಬೇಡವಾಗಿತ್ತು. ಆದರೆ ಪೆನ್ನು ಕಾಗದದ ಮೇಲಿತ್ತು.

"ಅದುಕ್ಕೆ ಸೈನ್ ಆಕಬ್ಯಾಡಪ್ಪ" ಎಂದೆ. "ಅದ್ರಾಗೆ ಬರ್ದಿರೋದು ಸುಳ್ಳು. ಇವಳಿಗೆ ಉಬ್ಸ ಐತೆ. ಎರಡು ವರ್ಸದ ಮಗು ಆಗಿದ್ದಾಗ್ಲಿಂದ ಐತೆ. ಮುಚ್ಚಿಟ್ಟು ಮದ್ವೆ ಮಾಡ್ದೋಳು ನಾನು."

ಮಗಳು ಒಲೆಯ ಮುಂದೆ ಇದ್ದಳು. ತಿರುಗಲಿಲ್ಲ. ಗ್ಯಾಸು ಆರಿಸಿದಳು, ಅಷ್ಟೇ.

ಮೊದಲು ಬಾಯಿ ಬಿಟ್ಟವಳು ಅಳಿಯನ ಅಕ್ಕ, ಮಗಳ ನಾದಿನಿ. ಅವಳು ನುಗ್ಗೆಸೊಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತು, ಲೆಕ್ಕ ಹಾಕುವವಳ ಹಾಗೆ ಸೂರು ನೋಡಿದಳು. ಅವರೂ ಮೂಲದಲ್ಲಿ ಕುರಿ ಮನೆಯವರೇ, ಸೇಲಂ ಸೇರಿ ಎರಡು ತಲೆಮಾರಾಗಿದೆ ಅಷ್ಟೇ.

"ಅದುಕ್ಕೇನಾ ಮಧ್ಯಾನ್ನ ಬರಕ್ ಯೋಳಿದ್ದು" ಎಂದಳು. "ರಾವುಕಾಲ ಅಂದ್ರಿ. ನಾನೂ ನಂಬ್ದೆ. ಬಿಸ್ಲೇರಿದ್ ಮ್ಯಾಲೆ ಸಂತೆಗ್ ಬಂದ್ ಕುರೀನ ಒಂದ್ ಸುತ್ತು ಓಡ್ಸಿ ನೋಡು ಅಂತ ನಮ್ಮಪ್ಪ ಯೋಳೋನು. ಎಣ್ಣು ನೋಡಕ್ ಬಂದೋರು ಓಡ್ಸಿ ನೋಡಕ್ ಆಯ್ತದಾ ಅಕ್ಕಾ?"

ಅವಳು ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಅದೇ ನನಗೆ ಉರಿ.

ಅಳಿಯ ಪೆನ್ನಿನ ಮುಚ್ಚಳ ಹಾಕುತ್ತಿದ್ದ, ತೆಗೆಯುತ್ತಿದ್ದ. ಹೊಗೆ ಆಗುವುದಿಲ್ಲ ಅನ್ನುತ್ತಿದ್ದಳು, ಅದಕ್ಕೇ ಗೀಸರು ಹಾಕಿಸಿದೆ, ಗೀಸರು ಬಂದ ಮೇಲೂ ಬೆಳಿಗ್ಗೆ ಅಷ್ಟು ಹೊತ್ತು ಬಚ್ಚಲಲ್ಲಿ ಇರುತ್ತಿದ್ದಳು, ಮಡಿ ಜಾಸ್ತಿ ಅಂದುಕೊಂಡೆ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. "ನಾನ್ ಸೈನ್ ಹಾಕ್ಬಿಟ್ಟಿದ್ರೆ ಅತ್ತೆ? ಅಲ್ಲಿ ಏನಾದ್ರೂ ಆಗಿದ್ರೆ ನಾನೇ ಕಳಿಸ್ದಂಗೆ ತಾನೆ?"

ಆ ಮಾತಿಗೆ ಬೇರೆಯವರು ಅಳುತ್ತಿದ್ದರೇನೋ. ನನಗೆ ಅವನ ಮೇಲೂ ರೇಗಿತು. ಇಪ್ಪತ್ತೆಂಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವನು. ಕುರಿಹಟ್ಟಿಯಲ್ಲಿ ಕಣ್ಣು ಮುಚ್ಚಿ ಮಲಗಿದವನೂ ಮಂದೆಯಲ್ಲಿ ಯಾವ ಕುರಿಯ ಉಸಿರು ಕೆಟ್ಟಿದೆ ಎಂದು ಹೇಳುತ್ತಾನೆ. ಇವನಿಗೆ ಪಕ್ಕದಲ್ಲಿ ಮಲಗಿದವಳ ಎದೆ ಸಿಳ್ಳೆ ಹಾಕಿದ್ದು ಕೇಳಲಿಲ್ಲವೇ? ನಾವು ಮುಚ್ಚಿಟ್ಟೆವು, ಸರಿ. ಇವನು ಒಂದು ದಿನವೂ ಕೇಳಲಿಲ್ಲ. ಅದನ್ನು ಅವನ ಮುಖಕ್ಕೇ ಹೇಳಿದೆ. ಅವನು ತಲೆ ತಗ್ಗಿಸಿದ. ನಾದಿನಿ ತಮ್ಮನ ಪರ ನಿಂತು, ಮೋಸ ಮಾಡಿದವರು ಬೈಯುವುದು ಬೇರೆ ಇದೆಯಾ ಎಂದಳು. ಹೌದು, ಇದೆ ಎಂದೆ. ಮಗಳು ಅಡುಗೆಮನೆಯಿಂದ ಬಂದು ಫಾರಮ್ಮನ್ನು ಮೇಜಿನ ಮೇಲಿಂದ ತೆಗೆದುಕೊಂಡು, ನಾಲ್ಕಾಗಿ ಮಡಿಸಿ, ಆಫೀಸಿನ ಚೀಲಕ್ಕೆ ಹಾಕಿಕೊಂಡು ಹೊರಟು ಹೋದಳು. ತಿಂಡಿ ತಿನ್ನಲಿಲ್ಲ.

ಆಮೇಲೆ ನಡೆದದ್ದನ್ನು ಬೇಗ ಹೇಳುತ್ತೇನೆ. ಅಳಿಯನೇ ಗೈಡಿಗೆ ಫೋನು ಮಾಡಿ ಹೇಳಿದ. ಗೈಡು ಬೈಯಲಿಲ್ಲ. ಶ್ವಾಸಕೋಶದ ಡಾಕ್ಟರನ್ನು ನೋಡಿ ಬನ್ನಿ ಎಂದ. ಆ ಡಾಕ್ಟರು ಹೆಂಗಸು. ಮಗಳನ್ನು ಒಂದು ಕೊಳವೆಗೆ ಊದಿಸಿದರು, ಮತ್ತೆ ಮತ್ತೆ ಊದಿಸಿದರು. ಇಷ್ಟು ವರ್ಷ ಉಸಿರು ಸಿಕ್ಕಿಕೊಂಡಾಗ ಬಿಡಿಸುವ ಪಂಪು ಮಾತ್ರ ಒತ್ತಿಕೊಂಡಿದ್ದೀರಿ, ಸಿಕ್ಕಿಕೊಳ್ಳದ ಹಾಗೆ ದಿನಾ ತೆಗೆದುಕೊಳ್ಳುವ ಔಷಧಿ ಬೇರೆ ಇದೆ, ಅದನ್ನು ಶುರುವಿನಲ್ಲೇ ಕೊಟ್ಟಿದ್ದರೆ ಓಡಾಡಿಕೊಂಡು ಇರುತ್ತಿದ್ದಿರಿ ಎಂದರಂತೆ. ಏಪ್ರಿಲಿಗೆ ಬೇಡ. ಆರು ತಿಂಗಳು ಈ ಔಷಧಿ ತೆಗೆದುಕೊಳ್ಳಿ, ಆಮೇಲೆ ಊದಿಸಿ ನೋಡಿ ಹೇಳುತ್ತೇನೆ ಎಂದರು.

ಗೆಳತಿಯರು ಏಪ್ರಿಲಿನಲ್ಲಿ ಇವಳನ್ನು ಬಿಟ್ಟು ಹೋದರು. ರಜೆ ಮಂಜೂರಾಗಿತ್ತು, ಟಿಕೆಟ್ಟು ಆಗಿತ್ತು, ಕಾಯಿರಿ ಎಂದು ಹೇಳುವ ಹಾಗಿರಲಿಲ್ಲ. ಬಿಳಿ ಬೆಟ್ಟದ ಮುಂದೆ ನಾಲ್ವರೂ ಕೈ ಎತ್ತಿ ನಿಂತ ಫೋಟೋ ಬಂತಂತೆ. ಅಷ್ಟು ಹೊತ್ತಿಗೆ ನಾನು ಊರಿಗೆ ಬಂದಿದ್ದೆ. ಅಳಿಯ ಫೋನಿನಲ್ಲಿ ಹೇಳಿದ. ಅವಳು ನನಗೆ ಫೋನು ಮಾಡುತ್ತಿರಲಿಲ್ಲ. ಮಾಡಿದರೂ ಕಣ್ಣು ಹೇಗಿದೆ, ಮಾತ್ರೆ ಇದೆಯಾ, ಅಷ್ಟೇ. ಧರ್ಮಪುರಿಯವರ ಸಂಬಂಧ ತಪ್ಪಿತು. ನಾದಿನಿಯ ಬಾಯಿಂದ ಮಾತು ಹೋಗಿತ್ತು, ಇನ್ನೆಲ್ಲಿಂದ ಹೋಗುತ್ತದೆ. ಹುಡುಗಿಯ ಎದೆಯನ್ನೂ ಪರೀಕ್ಷೆ ಮಾಡಿಸಿ ಕಾಗದ ಕೊಡಿ ಎಂದು ಅವರು ಕೇಳಿದರಂತೆ. ಮೊಮ್ಮಗಳು, ನಿಮ್ಮ ಮಗನದೂ ಮಾಡಿಸಿ ತನ್ನಿ ಎಂದಳಂತೆ. ಅಲ್ಲಿಗೆ ಮುಗಿಯಿತು. ಹೋಗಲಿ. ಕಾಗದ ಕೇಳಿದ್ದಕ್ಕೆ ನಾನು ಅವರನ್ನು ಬೈಯುವುದಿಲ್ಲ. ನಾನು ಯಾವ ಬಾಯಲ್ಲಿ ಬೈಯಲಿ.

ಸೆಪ್ಟೆಂಬರಿನಲ್ಲಿ ಡಾಕ್ಟರಮ್ಮ ಹೋಗಬಹುದು ಎಂದು ಕಾಗದ ಕೊಟ್ಟರು. ಕಂಪನಿಯವರು ಅವಳನ್ನು ನಿಧಾನಕ್ಕೆ ಹೋಗುವ ಇನ್ನೊಂದು ಗುಂಪಿಗೆ ಸೇರಿಸಿದರು, ಅದರಲ್ಲಿ ನಿಲ್ಲುವ ದಿನ ಎರಡು ಹೆಚ್ಚು. ಗುಂಪಿನಲ್ಲಿ ಗುರುತಿನವರು ಒಬ್ಬರೂ ಇಲ್ಲ. ಫಾರಮ್ಮಿನಲ್ಲಿ ಈ ಸಲ ಅವಳೇ ಬರೆದಳು, ಅಳಿಯ ಸೈನು ಹಾಕಿದ. ಅಕ್ಟೋಬರಿನಲ್ಲಿ ಹೋದಳು.

ಮೇಲಿನಿಂದ ಫೋನು ಸಿಗುವುದು ಕಷ್ಟ. ಸಿಕ್ಕಾಗ ಗಂಡನಿಗೆ ಮಾಡುತ್ತಿದ್ದಳು, ಅವನು ನನಗೆ ಮಾಡುತ್ತಿದ್ದ. ಇವತ್ತು ಇಷ್ಟು ಹತ್ತಿದಳು, ಇವತ್ತು ನಿಂತಳು, ಇವತ್ತು ಮಂಜು ಬಿತ್ತು. ಹತ್ತನೆಯ ದಿನ ಫೋನು ಬರಲಿಲ್ಲ. ಹನ್ನೊಂದನೆಯ ದಿನ ಬಂತು. ಬೆಟ್ಟದ ಬುಡಕ್ಕೆ ಹೋಗುವ ದಿನ, ಜಾವದಲ್ಲಿ ಎಲ್ಲರೂ ತಲೆಗೆ ದೀಪ ಕಟ್ಟಿಕೊಂಡು ಹೊರಗೆ ನಿಂತಾಗ, ಇವಳು ಗೈಡಿನ ಹತ್ತಿರ ಹೋಗಿ ನನಗೆ ಉಸಿರು ಸಾಲುತ್ತಿಲ್ಲ, ನಾನು ಬರುವುದಿಲ್ಲ ಎಂದು ಹೇಳಿದಳಂತೆ. ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳಂತೆ. ಗೈಡು ಬೆರಳಿಗೆ ಒಂದು ಯಂತ್ರ ಸಿಕ್ಕಿಸಿ ನೋಡಿ, ಒಬ್ಬ ಆಳನ್ನು ಜೊತೆಗೆ ಕೊಟ್ಟು ತಕ್ಷಣ ಕೆಳಗಿಳಿಸಿದ. ಎರಡು ಊರು ಕೆಳಗೆ ಬಂದ ಮೇಲೆ ಉಸಿರು ಸರಿಯಾಯಿತು. ಅವಳು ಆ ಜಾಗ ನೋಡಲಿಲ್ಲ. ಇನ್ನು ನಾಲ್ಕು ಗಂಟೆಯ ದಾರಿ ಉಳಿದಿತ್ತಂತೆ.

ಅಷ್ಟು ದೂರ ಹೋಗಿ ನೋಡದೆ ಬಂದಳಾ ಎಂದು ನಾದಿನಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಇನ್ನೊಂದು ಕಣ್ಣು ತೋರಿಸಲು ನಾನು ಸೇಲಂಗೆ ಹೋದಾಗ ನನ್ನ ಎದುರಿಗೂ ಹೇಳಿದಳು. ಸಂತೆಯಲ್ಲಿ ಓಡಿಸಿ ನೋಡಬೇಕು ಅಂತಿದ್ದೆಯಲ್ಲ, ಓಡಿಸಿ ಆಯಿತು, ತಿರುಗಿ ಬಂದಿದೆ, ಇನ್ನೇನು ಬೇಕು ಎಂದೆ. ಅವಳು ಎದ್ದು ಮೇಲೆ ಹೋದಳು.

ಮಗಳು ಅಕ್ಕಿ ಆರಿಸುತ್ತಿದ್ದಳು. ಮುಖ ಸುಟ್ಟು ಸಿಪ್ಪೆ ಏಳುತ್ತಿತ್ತು. ಪಂಪು ಅವಳ ಪಕ್ಕದಲ್ಲೇ, ಮೊರದ ಅಂಚಿನಲ್ಲಿತ್ತು. ನಾನು ಒಂದು ವರ್ಷ ಕಾದಿದ್ದೆ, ಇನ್ನು ಕಾಯಲಾಗಲಿಲ್ಲ. ನಾನು ಅವತ್ತು ಹೇಳಿದ್ದು ತಪ್ಪಾ ಎಂದು ಕೇಳಿದೆ.

"ಯೋಳಿದ್ದು ತಪ್ಪಲ್ಲ" ಎಂದಳು. ಕಲ್ಲು ಹೆಕ್ಕಿ ಆಚೆ ಹಾಕಿದಳು. "ನನ್ನನ್ ಕೇಳ್ದೆ ಮುಚ್ಚಿಟ್ಟೆ. ನನ್ನನ್ ಕೇಳ್ದೆ ಬಿಚ್ಚಿಟ್ಟೆ. ಎರಡು ಸಲಾನೂ ನಾನು ಅಲ್ಲೇ ನಿಂತಿದ್ನಲ್ಲವ್ವ."

ಇದನ್ನು ಬರೆಯುವಾಗ ಕಾಗುಣಿತ ತಿದ್ದುತ್ತಿರುವವಳು ಊರಿನಲ್ಲಿ ನನ್ನ ಜೊತೆಗಿರುವ ಸೊಸೆ, ನನ್ನ ಮಗನ ಹೆಂಡತಿ. ಗಡಿಯಾಚೆಯ ಕರ್ನಾಟಕದವಳು, ಕನ್ನಡ ಶಾಲೆಯಲ್ಲಿ ಓದಿದವಳು. ನನಗೆ ಕನ್ನಡ ಅಕ್ಷರ ಕಲಿಸಿದವಳೂ ಅವಳೇ. ಇಲ್ಲಿ ಏನಾದರೂ ಸಮಾಧಾನದ ಮಾತು ಸೇರಿಸಿ ಎಂದಳು. ಬೇಡ ಎಂದೆ. ಮಗಳು ಹಾಗೆ ಹೇಳಿದ ಮೇಲೆ ಮೊರದ ಆ ಬದಿಯಲ್ಲಿ ಕೂತು ನಾನೂ ಕಲ್ಲು ಹೆಕ್ಕಿದೆ. ನನ್ನ ಕಣ್ಣಿಗೆ ಕಾಣದೆ ಉಳಿದದ್ದನ್ನು ಅವಳು ಮತ್ತೆ ಹೆಕ್ಕಿದಳು. ಅಕ್ಕಿ ಮುಗಿಯಿತು. ಮಾರನೆಯ ದಿನ ನನ್ನನ್ನು ಮೇಟ್ಟೂರಿನ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕದ ಸೀಟು ಕೊಡಿಸಿ, ಅವ್ವನನ್ನು ಕೊಳತ್ತೂರು ಬಸ್ಸಿಗೆ ಹತ್ತಿಸಿ ಕಳಿಸಿ ಎಂದು ಕಂಡಕ್ಟರಿಗೆ ತಮಿಳಿನಲ್ಲಿ ಹೇಳಿ ಇಳಿದು ಹೋದಳು. ಬಸ್ಸು ಮೇಚೇರಿ ದಾಟುವವರೆಗೂ ನನ್ನ ಎದೆಯಲ್ಲಿ ಸಿಟ್ಟು ಕುದಿಯುತ್ತಿತ್ತು. ನಾದಿನಿಯ ಮೇಲೆ ಹಾಕಿ ನೋಡಿದೆ, ಅಳಿಯನ ಮೇಲೆ ಹಾಕಿ ನೋಡಿದೆ, ಸೀಲು ಒತ್ತಿದ ಡಾಕ್ಟರ ಮೇಲೆ ಹಾಕಿ ನೋಡಿದೆ. ಯಾರ ಮೇಲೂ ನಿಲ್ಲಲಿಲ್ಲ.